ಬ್ಯಾಡ ಸಾಹೇಬರ ಹಗ್ಗ

ಸುದ್ದಿ ಬಂದದ್ದು ನಮ್ಮ ಕಾರ್ಖಾನೆಯ ಹಳಬರ ವಾಟ್ಸಾಪ್ ಗುಂಪಿನಲ್ಲಿ. ಒಂದು ಫೋಟೋ, ಅದಕ್ಕೊಂದು ಹಾರ, ಕೆಳಗೆ 'ಜಮಖಂಡಿಯಲ್ಲಿ ನಿಧನ' ಎಂಬ ಎರಡು ಶಬ್ದ. ಮೊದಲ ಉತ್ತರ ಬಾಯ್ಲರ್ ವಿಭಾಗದ ಒಬ್ಬನದು: 'ಬ್ಯಾಡ ಸಾಹೇಬ್ರು ಹ್ವಾದ್ರಾ? ಯಮಗೂ ಮೊದಲ ಹೆಲ್ಮೆಟ್ ಹಾಕ್ಕೊ ಅಂದಿರಬೇಕು.' ಅದಕ್ಕೆ ಹತ್ತಾರು ಮಂದಿ ನಗುವ ಮುಖ ಒತ್ತಿದ್ದರು. ನಾನೂ ಒತ್ತಲು ಹೋಗಿ ಬೆರಳು ಹಿಂದಕ್ಕೆ ತೆಗೆದುಕೊಂಡೆ. ಉಳಿದವರು ನಗಲಿ, ನನಗೆ ಆ ಹಕ್ಕಿಲ್ಲ.

ನಾನು ಚಿಮ್ಮಡದವನು. ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ನಮ್ಮದು ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ. ನಾನೂ ನನ್ನ ಅಣ್ಣನೂ ಅಲ್ಲಿ ಫಿಟರ್‌ಗಳು, ಈ ಸಾಹೇಬರು ಸೇಫ್ಟಿ ಆಫೀಸರು. ಸಣಕಲು ಆಳು, ದಪ್ಪ ಕನ್ನಡಕ, ಅಂಗಿಯ ಕಿಸೆಯಲ್ಲಿ ಒಂದು ಸೀಟಿ. ಮನೆಯಲ್ಲಿ ಮರಾಠಿ ಆಡುವ ಜಮಖಂಡಿಯ ಬ್ರಾಹ್ಮಣರು. ನಾವು 'ಐತಿ' ಅಂದರೆ ಅವರು 'ಅದ' ಅನ್ನುವರು. ಆದರೆ ಅವರ ಯಾವ ಮಾತೂ ಶುರುವಾಗುವುದು ಒಂದೇ ಶಬ್ದದಿಂದ. 'ಬ್ಯಾಡ, ಏಣಿ ಹಂಗ ಇಡಬ್ಯಾಡ.' 'ಬ್ಯಾಡ, ಕನ್ನಡಕ ಇಲ್ಲದ ವೆಲ್ಡಿಂಗ್ ಬ್ಯಾಡ.' ಹೀಗಾಗಿ ಬ್ಯಾಡ ಸಾಹೇಬರು. ಈ ಹೆಸರಿಟ್ಟವನು ನಾನೇ ಅನ್ನುವುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಕಾಯಿದೆ ಎಂದರೆ ನಮ್ಮಲ್ಲಿ ಕೈಲಾಗದವರ ಮಾತು. ತಿರುಗುವ ಬೆಲ್ಟಿನ ಮೇಲೆ ಜಿಗಿದು ದಾಟುವವನು ಗಂಡಸು; ಸುತ್ತುಹಾಕಿ ಮೆಟ್ಟಿಲಿನಿಂದ ಬರುವವನು ಹೆದರುಪುಕ್ಕ. ಬೆರಳಿನ ತುದಿ ಕಳೆದುಕೊಂಡವರು ಅದನ್ನು ತೋರಿಸಿಕೊಂಡು ಚಹಾದ ಅಂಗಡಿಯಲ್ಲಿ ಕತೆ ಹೇಳುತ್ತಿದ್ದರು. ಇಂಥ ಮಂದಿಯ ನಡುವೆ ಈ ಮನುಷ್ಯ ಸೀಟಿ ಹಿಡಿದುಕೊಂಡು ಓಡಾಡಿದರೆ ಯಾರಿಗೆ ಬೇಕಾಗಿತ್ತು ಹೇಳಿ.

ಟಾವೆಲ್ಲಿನದೊಂದು ದೊಡ್ಡ ರಾಮಾಯಣವೇ ಆಯಿತು. ಹೆಗಲ ಮೇಲೆ ಟಾವೆಲ್ ಇಲ್ಲದೆ ನಮ್ಮ ಮಂದಿ ಮನೆಯಿಂದ ಹೊರಬೀಳುವುದಿಲ್ಲ. ಕಬ್ಬು ಅರೆಯುವ ರೋಲರಿನ ಹತ್ತಿರ ಅದರ ತುದಿ ಸಿಕ್ಕರೆ ಕುತ್ತಿಗೆಯೂ ಹಿಂದೆಯೇ ಹೋಗುತ್ತದೆ. ಅವರು ಮಿಲ್ಲಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಗಲಿನಿಂದ ಟಾವೆಲ್ ತೆಗೆದುಕೊಳ್ಳತೊಡಗಿದರು. ಹಿರಿಯ ಕೆಲಸಗಾರನೊಬ್ಬ ಸಿಟ್ಟಿಗೆದ್ದ. "ಸಾಹೇಬ್ರ, ಇದು ನನ್ನ ಮಾನ ರೀ. ನಮ್ಮಪ್ಪ ಸತ್ತಾಗ ಸೈತ ಹೆಗಲ ಮ್ಯಾಲಿಂದ ಇಳಿಸಿಲ್ಲ." ಅವರು ಟಾವೆಲ್ಲನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಅಂದರು, "ನಿಮ್ಮ ಮಾನ ನನ್ನ ಹತ್ರ ಇರಲಿ ಕಾಕಾ. ಪಾಳಿ ಮುಗದ ಮ್ಯಾಲ ಎಣಿಸಿ ಒಯ್ಯರಿ." ಪಾಳಿ ಮುಗಿದಾಗ ನೋಡಿದರೆ ಎಲ್ಲ ಟಾವೆಲ್ಲುಗಳೂ ಮಡಚಿ ಸಾಲಾಗಿ ಇಟ್ಟಿದ್ದವು. ಯಾವುದು ಯಾರದೆಂದು ಅವರು ಒಮ್ಮೆಯೂ ತಪ್ಪಲಿಲ್ಲ.

ಹೆಲ್ಮೆಟ್ಟಿನಲ್ಲಿ ನಾವು ಚುರಮರಿ ಕಲಸುತ್ತಿದ್ದೆವು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಕಲಸಲು ಅದಕ್ಕಿಂತ ಒಳ್ಳೆಯ ಪಾತ್ರೆ ಕಾರ್ಖಾನೆಯಲ್ಲಿ ಇರಲಿಲ್ಲ. ಒಂದು ದಿನ ಸಿಕ್ಕಿಬಿದ್ದೆವು. ಬೈಯುತ್ತಾರೆ ಅಂದುಕೊಂಡರೆ ಅವರು ನಮ್ಮ ನಡುವೆ ಕುಕ್ಕುರುಗಾಲಲ್ಲಿ ಕೂತು ಎರಡು ಮುಕ್ಕು ತಿಂದರು. "ಉಪ್ಪು ಕಮ್ಮಿ ಆಗೇದ," ಅಂದು, ಹೆಲ್ಮೆಟ್ ಖಾಲಿಯಾಗುವವರೆಗೂ ಕಾದು, ಅದನ್ನು ಒರೆಸಿ ನನ್ನ ತಲೆಯ ಮೇಲಿಟ್ಟು ಪಟ್ಟಿ ಬಿಗಿದು ಹೋದರು. ಅರ್ಧ ದಿನ ನನ್ನ ತಲೆ ಉಳ್ಳಾಗಡ್ಡಿ ನಾರುತ್ತಿತ್ತು.

ಮೇಲಿನವರಿಗೂ ಅವರೆಂದರೆ ಅಷ್ಟಕ್ಕಷ್ಟೇ. ಹಂಗಾಮಿನ ಭರದಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯವರೆಗೆ ಸಾಲುಗಟ್ಟಿ ನಿಂತಾಗ, ಸರಪಳಿಗೆ ಮುಚ್ಚಳವಿಲ್ಲ ಎಂದು ಕಬ್ಬು ಸಾಗಿಸುವ ಪಟ್ಟಿಯನ್ನೇ ನಿಲ್ಲಿಸಿಬಿಟ್ಟಿದ್ದರು. ಮ್ಯಾನೇಜರು ಕೂಗಾಡಿದರು. ಹೊರಗೆ ರೈತರು ತಾಯಿ-ಅಕ್ಕ ಎನ್ನದೆ ಬೈದರು. ಒಬ್ಬ ಕಬ್ಬಿನ ಜಲ್ಲೆಯನ್ನೇ ಎಸೆದ. ಅವರು ಮುಚ್ಚಳ ಕೂರುವವರೆಗೂ ಸ್ವಿಚ್ಚಿನ ಮುಂದೆ ಬೆನ್ನು ಹಚ್ಚಿ ನಿಂತಿದ್ದರು. ಮುಚ್ಚಳ ಹಾಕುತ್ತಿದ್ದವನು ನಮ್ಮ ಅಣ್ಣ. ಅವನ ಕೈಗಳು ಸರಪಳಿಯ ಒಳಗಿದ್ದವು, ಇವರ ಬೆನ್ನು ಸ್ವಿಚ್ಚಿನ ಮೇಲಿತ್ತು. ಆ ಹೊತ್ತಿನಲ್ಲಿ ನನಗೆ ಅದೆಲ್ಲ ಹೊಳೆಯಲೇ ಇಲ್ಲ, ಎಲ್ಲರ ಜೊತೆ ನಾನೂ ನಗುತ್ತಿದ್ದೆ.

ಆದರೆ ಅವರ ಮೇಲೆ ನಮಗೆ ಖರೇ ಸಿಟ್ಟು ಬಂದದ್ದು ಹಗ್ಗದ ಕಾಯಿದೆಯಿಂದ.

ಕಾಕಂಬಿ ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಅದನ್ನು ತುಂಬುವ ಒಂದು ಟಾಕಿ ನಮ್ಮಲ್ಲಿ ನೆಲದೊಳಗೇ ಇತ್ತು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಗೋಡೆಗೆ ಹಚ್ಚಿದ ಕಬ್ಬಿಣದ ಏಣಿ. ಹಂಗಾಮು ಮುಗಿದ ಮೇಲೆ ತಳದ ಕೆಸರು ತೆಗೆಯಲು ಇಳಿಯಬೇಕು. ಆ ಕೆಸರು ಹುಳಿತು ಬಿಡುವ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಸರಿಯಾಗಿ ತಿಳಿಯುವುದಿಲ್ಲ. ಮಂಡಿಯೂರುವುದರೊಳಗೆ ಮನುಷ್ಯ ಬಿದ್ದಿರುತ್ತಾನೆ. ಅದಕ್ಕೆ ಒಳಗೆ ಗಾಳಿ ಊದುವ ಯಂತ್ರ, ಇಳಿಯುವ ಮೊದಲು ಮೀಟರಿನ ಪರೀಕ್ಷೆ, ನಡುವಿಗೆ ಹಗ್ಗ. ಹಗ್ಗದ ಇನ್ನೊಂದು ತುದಿ ಕಬ್ಬಿಣದ ಕಂಬಕ್ಕೆ ಕಟ್ಟಿರಬೇಕು, ಅದರ ಮೇಲೆ ಒಬ್ಬನ ಕೈಯೂ ಇರಬೇಕು. ಇದೆಲ್ಲ ಸರಿಯೇ. ಅವರು ಇದಕ್ಕೆ ತಮ್ಮದೊಂದು ಸೇರಿಸಿದರು: ಹಗ್ಗ ಹಿಡಿಯುವವನು ಒಳಗಿಳಿದವನ ಅಣ್ಣ, ತಮ್ಮ, ಕಾಕಾ, ಅಳಿಯ, ಬೀಗ ಯಾರೂ ಆಗಿರಕೂಡದು.

ನಮಗಿದು ಮುಖಕ್ಕೆ ಹೊಡೆದಂತಾಯಿತು. ನಮ್ಮ ಕಡೆ ಕೆಲಸಕ್ಕೆ ಸೇರುವುದೇ ಮನೆತನ ಹಿಡಿದು. ಬಾವಿಗೆ ಇಳಿದರೂ ಹಗ್ಗ ಮೇಲೆ ಸ್ವಂತದವನ ಕೈಯಲ್ಲೇ. ಪಾಳಿಯ ಮೊದಲು ಮರದ ಕೆಳಗೆ ಎಲ್ಲರನ್ನೂ ಕೂರಿಸಿ ಹೇಳಿದಾಗ ನಾನೇ ಎದ್ದು ಕೇಳಿದೆ.

"ಯಾಕ್ರಿ ಸಾಹೇಬ್ರ, ನನ್ನ ಅಣ್ಣನ ಜೀವದ ಮ್ಯಾಲ ನನಗಿಂತ ಕಾಳಜಿ ಯಾರಿಗೈತಿ?"

"ಯಾರಿಗೂ ಇಲ್ಲ. ಅದಕ್ಕ ನೀ ಬ್ಯಾಡ," ಅಂದರು. "ಒಬ್ಬಂವ ಬಿದ್ರ ಹಗ್ಗ ಜಗ್ಗಬೇಕು. ತಮ್ಮ ಜಗ್ಗೂದಿಲ್ಲ, ಹಾರತಾನ. ಕರುಳು ಅಡ್ಡ ಬರ್ತದ. ತಮ್ಮನ ಹಿಂದ ಕಾಕಾ ಹಾರತಾನ. ಒಂದ ಮನ್ಯಾಗಿಂದ ಮೂರು ಹೆಣ ತಗದಿದ್ದು ನಾ ನೋಡೇನಿ."

"ಹಂಗಾದ್ರ ವೈರಿ ಕೈಯಾಗ ಕೊಡೂಣೇನ್ರಿ?" ಅಂದ ಅಣ್ಣ. ಎಲ್ಲರೂ ನಕ್ಕರು.

ಅವರು ನಗಲಿಲ್ಲ. "ಕೊಡ್ರಿ, ಛಲೋನ ಆತು. ವೈರಿ ಹಾರೂದಿಲ್ಲ, ನಿಂತು ಜಗ್ಗತಾನ. ಇಷ್ಟ ಮಂದಿ ನೋಡೂ ಮುಂದ ಯಾರೂ ಯಾರನ್ನೂ ಕೊಲ್ಲೂದಿಲ್ಲ."

ನನ್ನ ಅಣ್ಣನ ಬಗ್ಗೆ ಒಂದು ಮಾತು ಹೇಳಬೇಕು. ಅಂಥ ಫಿಟರ್ ನಮ್ಮ ಕಾರ್ಖಾನೆಯಲ್ಲಿ ಇನ್ನೊಬ್ಬ ಇರಲಿಲ್ಲ. ಸ್ಕ್ರೂಡ್ರೈವರಿನ ಒಂದು ತುದಿ ಯಂತ್ರಕ್ಕೆ, ಹಿಡಿ ಕಿವಿಗೆ ಹಚ್ಚಿ, ಒಳಗಿನ ಬೇರಿಂಗ್ ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಿದ್ದ. ಅಪ್ಪ ಹೋದ ಮೇಲೆ ಕುರಿ ಮಾರಿ ನನಗೆ ಐಟಿಐ ಕಲಿಸಿದವನು ಅವನು. ಅವನ ಮೇಲಿನ ಜೀವ ನನಗೆ ಈಗಲೂ ಕಡಿಮೆಯಿಲ್ಲ.

ಆ ವರ್ಷದ ಹಂಗಾಮು ಮುಗಿದು ಟಾಕಿಯ ಕೆಸರು ತೆಗೆಯುವ ದಿನ, ಇಳಿಯುವ ಪಾಳಿ ಅಣ್ಣನದು. ಬೆಳಿಗ್ಗೆ ಗೇಟಿನಲ್ಲಿ ಯೂನಿಯನ್ ಮುಖಂಡನಿಗೂ ಸಾಹೇಬರಿಗೂ ದೊಡ್ಡ ಜಗಳ ಆಗಿತ್ತು. "ಕಾಯಿದಿ ಎಲ್ಲಾ ನಮಗ, ಮಾಲಕರಿಗೆ ಒಂದೂ ಇಲ್ಲೇನು? ಏನರೆ ಆದ್ರ ಕೆಲಸಗಾರಂದ ತಪ್ಪು ಅಂತ ಬರಿಯಾಕ ಇಟ್ಟಾರ ನಿಮ್ಮನ್ನ," ಎಂದು ಅವನು ಎಲ್ಲರೆದುರು ಕೂಗಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ ಬಿಡಿ. ಸೇಫ್ಟಿ ಎಂದರೆ ಸಹಿ ಹಾಕಿಸಿಕೊಳ್ಳುವ ಕಾಗದ ಎಂದು ತಿಳಿದವರು ಮೇಲೆ ಬಹಳ ಮಂದಿ ಇದ್ದರು. ಸಾಹೇಬರು ನೇರ ಟಾಕಿಯ ಹತ್ತಿರ ಬಂದು, ಮೀಟರ್ ಇಳಿಸಿ ನೋಡಿ, ಬೀಳಗಿ ಕಡೆಯ ಒಬ್ಬನ ಕೈಗೆ ಅಣ್ಣನ ಹಗ್ಗ ಕೊಟ್ಟರು. ಊಟದ ತನಕ ಎಲ್ಲ ಸುರಳೀತ ನಡೆಯಿತು.

ಊಟಕ್ಕೆಂದು ಗಾಳಿಯ ಯಂತ್ರ ನಿಲ್ಲಿಸಿದರು. "ನಾ ಬರೂತನಕಾ ಯಾರೂ ಇಳೀಬ್ಯಾಡ್ರಿ. ಹೊಳ್ಳಿ ಪರೀಕ್ಷಾ ಮಾಡಬೇಕು," ಎಂದು ಹೇಳಿ ಸಾಹೇಬರು ತಮ್ಮ ಡಬ್ಬಿ ತೆಗೆದುಕೊಂಡು ಆಫೀಸಿಗೆ ಹೋದರು. ಅಣ್ಣ ಎರಡು ರೊಟ್ಟಿ ತಿಂದು ಬೇಗ ಎದ್ದ. ಮೂಲೆಯ ಸ್ವಲ್ಪ ಕೆಸರು ಉಳಿದಿತ್ತು, ಮುಗಿಸಿ ಮನೆಗೆ ಹೋಗೋಣ ಎಂಬ ಅವಸರ. ಬೀಳಗಿಯವನು ಇನ್ನೂ ಊಟದಲ್ಲಿದ್ದ. "ನಾ ಹಿಡೀತೇನಿ, ನೀ ಇಳಿ," ಎಂದವನು ನಾನು. ಗಾಳಿಯ ಯಂತ್ರ ಹೊಳ್ಳಿ ಚಾಲೂ ಮಾಡಿದವನೂ ನಾನೇ. ಅಷ್ಟಾದರೆ ಸಾಕು ಎಂದು ತಿಳಿದಿದ್ದೆ.

ಇಳಿದ ಮೇಲೆ ಅಣ್ಣ ಕೂಗಿದ, "ಮೂಲಿಗೆ ಮುಟ್ಟವಲ್ದು, ಸಡಲ ಬಿಡು." ಹಗ್ಗ ಕಂಬಕ್ಕೆ ಬಿಗಿದಿತ್ತು. ನಾನು ಕಂಬದಿಂದ ಬಿಚ್ಚಿ ನನ್ನ ಮಣಿಕಟ್ಟಿಗೆ ಮೂರು ಸುತ್ತು ಸುತ್ತಿಕೊಂಡೆ. ಅಣ್ಣನಿಗೆ ನನ್ನ ಕೈಗಿಂತ ಗಟ್ಟಿಯಾದ ಕಂಬ ಬೇಕೇ ಎಂಬ ಸೊಕ್ಕು ನನ್ನದು.

ಕೆಳಗೆ ಸಲಿಕೆಯ ಸದ್ದು ಕೇಳುತ್ತಿತ್ತು. ಮತ್ತೆ ಕೇಳಲಿಲ್ಲ. ಬಗ್ಗಿ ನೋಡಿದರೆ ಅಣ್ಣ ಕೆಸರಿನಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದ. "ಅಣ್ಣಾ" ಎಂದೆ. ಕೈಯಲ್ಲಿ ಹಗ್ಗವಿತ್ತು. ಎಳೆಯಬೇಕಾಗಿತ್ತು. ಅಕ್ಕಪಕ್ಕದವರನ್ನು ಕೂಗಿ ನಾಲ್ಕು ಕೈ ಸೇರಿ ಎಳೆದಿದ್ದರೆ ಒಂದು ನಿಮಿಷದಲ್ಲಿ ಟಾಕಿಯ ಬಾಯಿಗೆ ಬರುತ್ತಿದ್ದ. ನಾನು ಏನು ಮಾಡಿದೆ? ಮಣಿಕಟ್ಟಿನ ಸುತ್ತು ಬಿಚ್ಚಿದೆ, ಏಣಿ ಹಿಡಿಯಲು ಎರಡೂ ಕೈ ಬೇಕಲ್ಲ. ಬಿಚ್ಚಿ ಒಗೆದೆ. ಹಗ್ಗದ ತುದಿ ಟಾಕಿಯೊಳಗೆ ಬಿತ್ತು.

ಎರಡು ಮೆಟ್ಟಿಲು ಇಳಿದಿರಬೇಕು. ಹುಳಿ ವಾಸನೆ, ತಲೆ ಗಿರ್ರೆಂದಿತು. ಅಷ್ಟರಲ್ಲಿ ಮೇಲಿನಿಂದ ಯಾರೋ ನನ್ನ ಕೂದಲೂ ಕಾಲರೂ ಒಟ್ಟಿಗೆ ಹಿಡಿದು ಜಗ್ಗಿದರು. ಸಾಹೇಬರು. ಆ ಸಣಕಲು ಆಳಿಗೆ ಅಷ್ಟು ಕಸುವು ಎಲ್ಲಿಂದ ಬಂತೋ, ನನ್ನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತರು. ನಾನು ಮುಷ್ಟಿ ಕಟ್ಟಿ ಮುಖಕ್ಕೇ ಹೊಡೆದೆ. ಕನ್ನಡಕ ಒಡೆದು ತುಟಿಯಿಂದ ರಕ್ತ ಬಂತು. "ಬಿಡಲೇ, ನಮ್ಮಣ್ಣ ಅದಾನ ಒಳಗ," ಎಂದು ಒದರಿದೆ. ಏಕವಚನದಲ್ಲೇ ಬೈದೆ. ಅವರು ನನ್ನ ಕಡೆ ನೋಡಲೂ ಇಲ್ಲ. "ಇವನ ಮ್ಯಾಲ ಮೂರು ಮಂದಿ ಕುಂದರ್ರಿ. ಏಳಗೊಡಬ್ಯಾಡ್ರಿ," ಎಂದು ಎದ್ದರು.

"ಹಗ್ಗ ಎಲ್ಲ್ಯದ?" ಎಂದು ಒಮ್ಮೆ ಕೇಳಿದರು. ಟಾಕಿಯೊಳಗೆ ಬಗ್ಗಿ ನೋಡಿದರು. ಬಳಿಕ ನನ್ನ ಮಣಿಕಟ್ಟು ನೋಡಿದರು. ಅಲ್ಲಿ ಮೂರು ಸುತ್ತಿನ ಕೆಂಪು ಬರೆ ಇತ್ತು. ನಮ್ಮಿಬ್ಬರ ಹೊರತು ಅದನ್ನು ಯಾರೂ ಗಮನಿಸಲಿಲ್ಲ.

ಗಾಳಿಯ ಮುಖವಾಡ ಹಾಕಲು ಬರುತ್ತಿದ್ದವರು ಕಾರ್ಖಾನೆಯಲ್ಲಿ ಇಬ್ಬರೇ. ಇನ್ನೊಬ್ಬ ಆ ದಿನ ರಜೆಯಲ್ಲಿದ್ದ. ಉಳಿದವರಿಗೇಕೆ ಬರುತ್ತಿರಲಿಲ್ಲ ಅಂದರೆ, ಅವರು ಕಲಿಸಲು ಕರೆದಾಗೆಲ್ಲ ನಾವು ಚಹಾ ಕುಡಿಯಲು ಹೋಗುತ್ತಿದ್ದೆವು. ಸಿಲಿಂಡರ್ ತಂದರು. ಬೆನ್ನಿಗೆ ಕಟ್ಟಿಕೊಂಡರು. ಆಮೇಲೆ ನಿಂತು ಒಂದೊಂದೇ ಪಟ್ಟಿ ಎಳೆದು ನೋಡತೊಡಗಿದರು. ಮರಾಠಿಯಲ್ಲಿ ಎಣಿಸುತ್ತಿದ್ದರು: ಏಕ್, ದೋನ್, ತೀನ್. ಸುತ್ತಲೂ ಮಂದಿ ಹುಚ್ಚೆದ್ದಿದ್ದರು. "ಲಗೂ ಇಳೀರಿ," "ಜೀವಾ ಹೋಗಾಕತ್ತೈತಿ," "ಇಂವ ಮನಷ್ಯಾನೋ ಕಲ್ಲೋ." ಅವರು ಮುಖವಾಡ ಕೈಯಿಂದ ಒತ್ತಿ ಗಾಳಿ ಸೋರುತ್ತದೋ ಎಂದು ನೋಡಿದರು. ಸರಿಯಿರಲಿಲ್ಲ. ಬಿಚ್ಚಿದರು. ಮತ್ತೆ ಕಟ್ಟಿದರು. ನೆಲಕ್ಕೆ ಒತ್ತಿದ್ದ ನನಗೆ ಅವರ ಬೂಟು ಮಾತ್ರ ಕಾಣುತ್ತಿತ್ತು. ಆ ಬೂಟು ಒಂದು ಹೆಜ್ಜೆ ಮುಂದಿಡುವುದನ್ನು ಕಾಯುತ್ತ ನಾನು ಬೀರಪ್ಪನಿಗೆ ಹರಕೆ ಹೊತ್ತೆ, ಅದೇ ಉಸಿರಿನಲ್ಲಿ ಈ ಮನುಷ್ಯನ ಮನೆ ಹಾಳಾಗಲಿ ಎಂದು ಶಾಪವನ್ನೂ ಹಾಕಿದೆ.

ತಮ್ಮ ನಡುವಿಗೆ ಇನ್ನೊಂದು ಹಗ್ಗ ಕಟ್ಟಿಕೊಂಡು ಅವರು ಮಂದಿಯನ್ನು ನೋಡಿದರು. ಅವರ ಕೈಕೆಳಗಿನ ಇಬ್ಬರು ಮುಂದೆ ಬಂದರು. ಅವರನ್ನು ಬಿಟ್ಟು ಬೆಳಿಗ್ಗೆ ಗೇಟಿನಲ್ಲಿ ಜಗಳ ತೆಗೆದ ಯೂನಿಯನ್ ಮುಖಂಡನ ಕೈಗೆ ಹಗ್ಗ ಕೊಟ್ಟರು. "ಎರಡ ಸರತೆ ಜಗ್ಗಿದ್ರ ಎಳೀರಿ. ಎರಡ ನಿಮಿಷ ಸುಮ್ನಾದ್ರೂ ಎಳೀರಿ. ಇಳೀಬ್ಯಾಡ್ರಿ," ಎಂದು ಮುಖವಾಡ ಎಳೆದುಕೊಂಡು ಇಳಿದರು. ಆ ಮುಖಂಡ ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತ ಜಾಗದಿಂದ ಕದಲಲಿಲ್ಲ.

ಹಗ್ಗ ಎಳೆದು ಅಣ್ಣನನ್ನು ಮೇಲೆ ತಂದಾಗ ಮೈಯೆಲ್ಲ ಕಪ್ಪು ಕೆಸರು, ತುಟಿ ನೀಲಿ. ಸಾಹೇಬರು ಮುಖವಾಡ ಕಿತ್ತೆಸೆದು ಅವನ ಎದೆ ಒತ್ತಿದರು, ಬಾಯಿಗೆ ಬಾಯಿ ಹಚ್ಚಿ ಊದಿದರು. ಅವರ ತುಟಿಯ ರಕ್ತ ಅಣ್ಣನ ಗಲ್ಲಕ್ಕೆ ಮೆತ್ತಿಕೊಂಡಿತು. ಆಂಬುಲೆನ್ಸ್ ಬರುವುದರೊಳಗೆ ಅಣ್ಣ ಒಮ್ಮೆ ಕೆಮ್ಮಿದ.

ಉಳಿದ. ಆದರೆ ಮೊದಲಿನ ಅಣ್ಣನಾಗಿ ಉಳಿಯಲಿಲ್ಲ. ಬಲಗೈಗೆ ನಡುಕ ಬಂತು, ಸ್ಪ್ಯಾನರ್ ನಿಲ್ಲುವುದಿಲ್ಲ. ಗೆಳೆಯರ ಹೆಸರು ಮರೆಯುತ್ತಾನೆ. ಅಂಗಿಯ ಗುಂಡಿಯನ್ನು ಅವನ ಹೆಂಡತಿ, ನಮ್ಮ ವೈನಿ, ಹಾಕಬೇಕು. ಕಾರ್ಖಾನೆಯವರು ಗೇಟಿನ ಬಳಿ ಕೂರುವ ಕೆಲಸ ಕೊಟ್ಟರು. ತನ್ನ ಕಿವಿಗೆ ಗೊತ್ತಿದ್ದ ಯಂತ್ರಗಳ ಸದ್ದನ್ನು ದೂರದಿಂದ ಕೇಳುತ್ತ ಅಲ್ಲಿ ಕೂತಿರುತ್ತಿದ್ದ.

ಊರಿನಲ್ಲಿ ಕತೆ ಹುಟ್ಟಿತು. ತಮ್ಮನಾದವನು ಜೀವದ ಹಂಗು ಬಿಟ್ಟು ಇಳಿದಿದ್ದ, ಆ ಬ್ಯಾಡ ಸಾಹೇಬ ಹಿಡಿದು ಕೆಡವಿದ. ಮುಖಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತ ಐದು ನಿಮಿಷ ಕಳೆದ. ಆ ಐದು ನಿಮಿಷವೇ ಅಣ್ಣನ ಕೈ ತಿಂದಿತು. ಅವ್ವ ಹೀಗೆಯೇ ನಂಬಿದಳು, ಅಣ್ಣನೂ ನಂಬಿದ. ಹಗ್ಗ ಏನಾಯಿತೆಂದು ಕೇಳಿದವರಿಗೆ ನಾನು "ಕೆಸರಿನ ಕೈ, ಜಾರಿತು," ಎಂದೆ. ವಿಚಾರಣೆಯಲ್ಲೂ ಅದನ್ನೇ ಹೇಳಿದೆ. ಸಾಹೇಬರು ತಮ್ಮ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರಂತೆ, ಊಟಕ್ಕೆ ಹೋಗುವಾಗ ಟಾಕಿಯ ಬಾಯಿ ಮುಚ್ಚಿ ಬೀಗ ಹಾಕದ್ದು ತಮ್ಮ ತಪ್ಪು ಎಂಬುದನ್ನೂ ಸೇರಿಸಿ. ವರದಿ ಯಾವ ಕಪಾಟಿಗೆ ಹೋಯಿತೋ. ನನಗೆ ಒಂದು ನೋಟೀಸು ಬಂತು, ಅಷ್ಟೇ. ಊರವರು ವರದಿ ಓದುವುದಿಲ್ಲ, ಕಟ್ಟೆಯ ಮೇಲಿನ ಮಾತು ಕೇಳುತ್ತಾರೆ.

ಅವರು ನಿವೃತ್ತರಾಗುವವರೆಗೂ ನಾನು ಅವರಿಗೆ ನಮಸ್ಕಾರ ಮಾಡಲಿಲ್ಲ. ಅವರು ಮಾತ್ರ ನನ್ನನ್ನು ಕಂಡಾಗ "ಬ್ಯಾಡ, ಬೂಟಿನ ದಾರ ಬಿಚ್ಚೇದ, ಕಟ್ಟಿಕೋ" ಎನ್ನುತ್ತಿದ್ದರು. ಒಮ್ಮೆಯಾದರೂ ಹಗ್ಗದ ಮಾತೆತ್ತಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಎತ್ತಲಿಲ್ಲ. ಆ ಸುಮ್ಮನಿರುವಿಕೆಯನ್ನು ನಾನು ಸೊಕ್ಕು ಅಂದುಕೊಂಡೆ. ಹನ್ನೆರಡು ವರ್ಷ ಹಾಗೇ ಅಂದುಕೊಂಡು ಬದುಕಿದೆ.

ಸುದ್ದಿ ಬಂದ ಬೆಳಿಗ್ಗೆ ಫೋನ್ ಹಿಡಿದು ಅಣ್ಣನ ಮನೆಗೆ ಹೋದೆ. ಅವನು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ, ಎರಡೂ ಕೈಯಲ್ಲಿ ಲೋಟ ಹಿಡಿದು. ಫೋಟೋ ನೋಡಿದ.

"ಹ್ವಾದ್ನಾ? ಹೋಗ್ಲಿ ಬಿಡು. ನನ್ನ ಕೈ ತಿಂದಾಂವ." ನನ್ನ ಇಸ್ತ್ರಿ ಅಂಗಿ ಕಂಡು ಕೇಳಿದ, "ನೀ ಯಾಕ ಹೊಂಟಿ? ಅಂವಗ ನಮಗ ಏನ ಸಂಬಂಧ?"

ಆಗ ಹೇಳಿದೆ. ಹೇಗೆ ಶುರು ಮಾಡಿದೆನೋ ನೆನಪಿಲ್ಲ. ಕಂಬದಿಂದ ಬಿಚ್ಚಿದ್ದು, ಮಣಿಕಟ್ಟಿಗೆ ಸುತ್ತಿದ್ದು, ಎಲ್ಲ ಹೇಳಿದೆ. ಒಳಗೆ ವೈನಿಯ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹಗ್ಗ ಜಾರಲಿಲ್ಲ?" ಎಂದ ಅಣ್ಣ.

"ಇಲ್ಲ."

"ಹರೀಲೂ ಇಲ್ಲ?"

"ಇಲ್ಲಣ್ಣ. ನಾನ ಬಿಚ್ಚಿ ಒಗದೆ. ನಿನ್ನ ಹತ್ರ ಬರಾಕ."

ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಲೋಟ ಕೆಳಗಿಟ್ಟು ಬಾಗಿಲ ಕಡೆ ನೋಡಿದ.

"ಅವರು ಬಂದಿದ್ರು ಇಲ್ಲಿ," ಎಂದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ 'ಅವರು' ಎಂದು ಬಂತು. "ದವಾಖಾನಿಯಿಂದ ನನ್ನನ್ನ ಮನಿಗೆ ತಂದ ವಾರದಾಗ. ನೀ ಬನಹಟ್ಟಿಗೆ ಗುಳಿಗಿ ತರಾಕ ಹೋಗಿದ್ದಿ. ನಾ ಕುಂದರ್ರಿ ಅನ್ನಲಿಲ್ಲ. ನೀರ ತಂದ ನಿನ್ನ ವೈನಿನ ಒಳಗ ಕಳಿಸಿದೆ. ನನ್ನ ತಮ್ಮನ್ನ ಯಾಕ ಹಿಡದ್ರಿ ಅಂತ ಕೇಳಿದೆ."

"ಏನಂದ್ರು?"

"ಎರಡ ಮಾತು. 'ನಿನ್ನ ತಮ್ಮಗ ನಿನ್ನ ಮ್ಯಾಲ ಭಾಳ ಜೀವ ಅದ. ಅವನ ಕೈಯಾಗ ಇನ್ನೊಮ್ಮೆ ಯಾರ ಹಗ್ಗನೂ ಕೊಡಬ್ಯಾಡ್ರಿ.' ಅಷ್ಟ."

ನಾನು ನನ್ನ ಮಣಿಕಟ್ಟು ಮುಟ್ಟಿ ನೋಡಿಕೊಂಡೆ.

"ನಾ ತಿಳದೆ, ನಿನ್ನ ಬೈಯಾಕತ್ತಾರ ಅಂತ. ನನ್ನ ತಮ್ಮನ ಸುದ್ದಿಗೆ ಬಂದ್ರ ಕಾಲ ಮುರೀತೇನಿ, ಹೊರಗ ನಡೀರಿ ಅಂದೆ. ಹೊರಗ ಬಿಸಲಿತ್ತು. ಒಡಕ ಕನ್ನಡಕ ದಾರದಲೆ ಕಟ್ಟಿಕೊಂಡಿದ್ರು. ಹ್ವಾದ್ರು."

ಅಣ್ಣ ಎದ್ದು ಗೂಟದಿಂದ ಅಂಗಿ ತೆಗೆದುಕೊಂಡ. ವೈನಿ ಬಾಗಿಲಿಗೆ ಬಂದು ನನ್ನ ಮುಖ ನೋಡದೆ, ಅವನ ಗುಂಡಿ ಹಾಕಿ ಒಳಗೆ ಹೋದಳು.

"ಅವರ ಮನ್ಯಾಗ, ಎಲ್ಲಾರ ಮುಂದ, ಈಗ ನನಗ ಹೇಳಿದ್ದು ಹೇಳತಿ?" ಎಂದು ಕೇಳಿದ.

"ಹೇಳತೇನಿ."

"ಯಾವ ಓಣ್ಯಾಗೈತಿ ಅವರ ಮನಿ?"

ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಜೊತೆಗಿದ್ದು ಅವರ ಓಣಿ ಯಾವುದೆಂದು ನಮ್ಮಿಬ್ಬರಲ್ಲಿ ಒಬ್ಬನೂ ಕೇಳಿರಲಿಲ್ಲ. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದ.

"ಜಮಖಂಡ್ಯಾಗ ಇಳದು ಕೇಳೂಣು, ನಡಿ," ಎಂದ.